ಶ್ರೇಢಿ, ಸಾಧನೆ, ದ್ವಿಪದ ವಿಸ್ತರಣೆ: ಒಂದು ಅಭ್ಯಾಸ ಪುಸ್ತಕದ ದೀರ್ಘ ಬಳಕೆಯ ನಂತರ

ಪದವಿಪೂರ್ವ ಮೊದಲ ವರ್ಷದಲ್ಲಿ ವಿಜ್ಞಾನ ವಿಭಾಗವನ್ನು ಆರಿಸಿಕೊಂಡ ಮಕ್ಕಳಿಗಾಗಿ ಸಿದ್ಧಪಡಿಸಿರುವ ಈ ಬೀಜಗಣಿತ ಅಭ್ಯಾಸ ಪುಸ್ತಕವನ್ನು, ಕೊಪ್ಪಳದಲ್ಲಿ ಸಂಜೆ ಹೊತ್ತು ನಾನು ನಡೆಸುವ ಗಣಿತ ತರಗತಿಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಪುಸ್ತಕ ಕೈಗೆ ಬಂದ ವಾರದಲ್ಲೇ ಬರೆಯುವ ಅಭಿಪ್ರಾಯಕ್ಕೂ, ಒಂದು ತಂಡದ ಮಕ್ಕಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡಿಸಿ ಮುಂದಿನ ತಂಡ ಬಂದು ಕುಳಿತ ಮೇಲೆ ಬರೆಯುವ ಅಭಿಪ್ರಾಯಕ್ಕೂ ವ್ಯತ್ಯಾಸವಿರುತ್ತದೆ. ಅದಕ್ಕಾಗಿಯೇ ಇಷ್ಟು ದಿನ ಕಾದೆ. ಉತ್ತರ ಬರಿಸುವುದಕ್ಕಿಂತ ಆ ಉತ್ತರ ಏಕೆ ಸರಿ ಎಂಬುದನ್ನು ಮಕ್ಕಳಿಂದಲೇ ಬರೆಸುವುದು ಈ ಪುಸ್ತಕದ ದೊಡ್ಡ ಗುಣ, ಮತ್ತು ಆ ಒಂದು ಗುಣಕ್ಕಾಗಿ ಇದರ ಹಲವು ಕೊರತೆಗಳನ್ನು ಸಹಿಸಿಕೊಳ್ಳಬಹುದು ಎಂಬುದು ನನ್ನ ತೀರ್ಮಾನ.

ನಮ್ಮ ಭಾಗದ ಮಕ್ಕಳಲ್ಲಿ ಬಹಳಷ್ಟು ಜನ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಬಂದೊಡನೆ ಇಂಗ್ಲಿಷಿನ ಪುಸ್ತಕವನ್ನು ಎದುರಿಸುತ್ತಾರೆ. ಅವರಿಗೆ ಸಮಾಂತರ ಶ್ರೇಢಿ ಹೊಸದಲ್ಲ. ಎಸ್ಸೆಸ್ಸೆಲ್ಸಿಯಲ್ಲೇ ಎನ್‌ನೆಯ ಪದ, ಮೊದಲ ಎನ್ ಪದಗಳ ಮೊತ್ತ ಎರಡನ್ನೂ ಕಲಿತಿರುತ್ತಾರೆ. ಆದರೆ ಸೂತ್ರ ಬಾಯಿಗೆ ಬಂದಿರುತ್ತದೆಯೇ ಹೊರತು ಅದು ಎಲ್ಲಿಂದ ಬಂತು ಎಂಬುದು ಗೊತ್ತಿರುವುದಿಲ್ಲ. ಈ ಪುಸ್ತಕದ ಮೊದಲ ಅಧ್ಯಾಯ ಸೂತ್ರವನ್ನು ಕೊಡದೆ, ಮೊದಲನೆಯ ಪದವನ್ನು ಕೊನೆಯದರೊಂದಿಗೆ, ಎರಡನೆಯದನ್ನು ಕೊನೆಯಿಂದ ಎರಡನೆಯದರೊಂದಿಗೆ ಜೋಡಿಸಲು ಹೇಳುತ್ತದೆ. ಪದಗಳ ಸಂಖ್ಯೆ ಬೆಸವಾದಾಗ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಆಗ ನಾನು ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳನ್ನು ನೆನಪಿಸುತ್ತೇನೆ. ಗೇಟುಗಳ ಸಂಖ್ಯೆಗಳನ್ನು 1ರಿಂದ 33ರವರೆಗೆ ಕೂಡಿಸಬೇಕಾದರೆ 1 ಮತ್ತು 33, 2 ಮತ್ತು 32 ಹೀಗೆ 34 ಮೊತ್ತದ 16 ಜೋಡಿಗಳಾಗುತ್ತವೆ, ನಟ್ಟನಡುವಿನ 17ನೆಯ ಗೇಟು ಜೋಡಿಯಿಲ್ಲದೆ ಉಳಿಯುತ್ತದೆ. 544ಕ್ಕೆ 17 ಸೇರಿಸಿದರೆ 561. ಅದೇ 561 ಎಂಬುದು 33 ಗುಣಿಲೆ 17 ಎಂದು ತೋರಿಸಿದಾಗ, ನಡುವಿನ ಪದವೇ ಎಲ್ಲ ಪದಗಳ ಸರಾಸರಿ ಎಂಬ ಮಾತು ಅವರಿಗೆ ತಾನಾಗಿಯೇ ಹೊಳೆಯುತ್ತದೆ. ಪುಸ್ತಕದ ಅಭ್ಯಾಸಗಳು ಇಂಥ ಸ್ಥಳೀಯ ಉದಾಹರಣೆಗೆ ಎಡೆ ಮಾಡಿಕೊಡುವಂತೆ ಇವೆ, ಅಡ್ಡ ಬರುವುದಿಲ್ಲ.

ನಾನು ಅತ್ಯಂತ ಮೆಚ್ಚಿದ ಭಾಗವೆಂದರೆ ಅನುಕ್ರಮಗಳ ಅಧ್ಯಾಯದ ಕೊನೆಯಲ್ಲಿರುವ ವೃತ್ತದ ಪ್ರಶ್ನೆ. ಒಂದು ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದನ್ನೂ ಉಳಿದೆಲ್ಲವುಗಳಿಗೆ ಜ್ಯಾಗಳಿಂದ ಸೇರಿಸಿದರೆ ವೃತ್ತ ಹೆಚ್ಚೆಂದರೆ ಎಷ್ಟು ತುಂಡುಗಳಾಗುತ್ತದೆ ಎಂಬುದು ಪ್ರಶ್ನೆ. ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರನೆಯದಕ್ಕೆ ಚಿತ್ರ ಬರೆಯುವ ಮೊದಲೇ ಇಡೀ ತರಗತಿ 32 ಎಂದು ಕೂಗುತ್ತದೆ. ಬರೆದು ಎಣಿಸಿದರೆ 31 ಮಾತ್ರ. ಬಿಂದುಗಳನ್ನು ಸಮ ಅಂತರದಲ್ಲಿ ಗುರುತಿಸಿದವರಿಗೆ ಮೂರು ಜ್ಯಾಗಳು ಕೇಂದ್ರದಲ್ಲಿ ಒಂದೇ ಬಿಂದುವಿನಲ್ಲಿ ಸಂಧಿಸುವುದರಿಂದ 30 ಬರುತ್ತದೆ, ಆಗ ಗದ್ದಲ ಇನ್ನೂ ಹೆಚ್ಚುತ್ತದೆ. ಆ ಹದಿನೈದು ನಿಮಿಷಗಳಲ್ಲಿ ಮಕ್ಕಳು ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು: ಐದು ಪದಗಳು ಒಂದು ನಿಯಮಕ್ಕೆ ಹೊಂದಿಕೊಂಡ ಮಾತ್ರಕ್ಕೆ ಆರನೆಯದೂ ಹೊಂದಿಕೊಳ್ಳಬೇಕೆಂದೇನೂ ಇಲ್ಲ. ಅದರ ಮುಂದಿನ ಅಭ್ಯಾಸದಲ್ಲಿ ಎನ್ ವರ್ಗ, ಎನ್ ಮತ್ತು 41 ಇವುಗಳ ಮೊತ್ತವನ್ನು ಕೊಟ್ಟಿದ್ದಾರೆ. ಎನ್ ಬೆಲೆ 0ಯಿಂದ 39ರವರೆಗೂ ಅದು ಅವಿಭಾಜ್ಯ ಸಂಖ್ಯೆಯನ್ನೇ ಕೊಡುತ್ತದೆ, 40ಕ್ಕೆ ಬಂದಾಗ 1681, ಅಂದರೆ 41ರ ವರ್ಗ, ಬಂದು ನಿಯಮ ಮುರಿದುಬೀಳುತ್ತದೆ.

ಸಾಧನೆಯ, ಅಂದರೆ ಒಂದು ಹೇಳಿಕೆ ಏಕೆ ಸರಿ ಎಂದು ತರ್ಕದಿಂದ ತೋರಿಸುವುದರ, ಅಗತ್ಯ ಹೀಗೆ ಮನವರಿಕೆಯಾದ ಮೇಲೆಯೇ ಗಣಿತೀಯ ಅನುಗಮನದ ಅಧ್ಯಾಯ ಬರುತ್ತದೆ. ಪಠ್ಯ ಕಡಿತದ ಭಾಗವಾಗಿ 2022-23ರಲ್ಲಿ ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಗಣಿತ ಪುಸ್ತಕದಿಂದ ಈ ಅಧ್ಯಾಯವನ್ನೇ ಕೈಬಿಡಲಾಯಿತು. ಎರಡು ಪದಗಳ ಮೊತ್ತದ ಘಾತವನ್ನು ಬಿಡಿಸಿ ಬರೆಯುವ ದ್ವಿಪದ ಪ್ರಮೇಯದಲ್ಲಿ ಸಾಮಾನ್ಯ ಪದ ಮತ್ತು ಮಧ್ಯಪದಗಳ ಭಾಗವೂ ಹೋಯಿತು. ಸಾಮಾನ್ಯ ಪದ, ಮಧ್ಯಪದಗಳು ಜೆಇಇ ಮೇನ್ ಪಠ್ಯಕ್ರಮದಲ್ಲಿ ಉಳಿದುಕೊಂಡಿರುವುದರಿಂದ ಅವುಗಳನ್ನು ಹೇಗೋ ಕಲಿಯುತ್ತಾರೆ. ಆದರೆ ಅನುಗಮನವನ್ನು ಪರೀಕ್ಷೆಗಾಗಿ ಕೇಳುವವರು ಇಲ್ಲವಾದ್ದರಿಂದ ಅದನ್ನು ಕಲಿಸುವವರೂ ಕಡಿಮೆಯಾಗಿದ್ದಾರೆ, ಮತ್ತು ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಎಲ್ಲ ಧನ ಪೂರ್ಣಾಂಕಗಳಿಗೂ ನಿಜವೆಂದು ಹೇಳುವ ಒಂದು ಮಾತನ್ನು ಎರಡೇ ಹೆಜ್ಜೆಗಳಲ್ಲಿ (ಮೊದಲು 1ಕ್ಕೆ ನಿಜವೆಂದು ತೋರಿಸುವುದು, ಆಮೇಲೆ ಒಂದು ಸಂಖ್ಯೆಗೆ ನಿಜವಾದರೆ ಅದರ ಮುಂದಿನದಕ್ಕೂ ನಿಜವೆಂದು ತೋರಿಸುವುದು) ಸಾಧಿಸಬಹುದು ಎಂಬ ಅರಿವು ಹದಿನಾರು ವರ್ಷದ ಮಕ್ಕಳಿಗೆ ಸಿಗಲೇಬೇಕು. ಈ ಪುಸ್ತಕ ಆ ಅಧ್ಯಾಯವನ್ನು ಉಳಿಸಿಕೊಂಡಿದೆ.

ಉಳಿಸಿಕೊಂಡಿರುವ ರೀತಿಯೂ ಚೆನ್ನಾಗಿದೆ. ಮೊದಲ ಎನ್ ಬೆಸ ಸಂಖ್ಯೆಗಳ ಮೊತ್ತ ಎನ್ ವರ್ಗ ಎಂಬ ರೂಢಿಯ ಲೆಕ್ಕದ ಪಕ್ಕದಲ್ಲೇ ಒಂದು ಸುಳ್ಳು ಹೇಳಿಕೆಯನ್ನು ಇಟ್ಟಿದ್ದಾರೆ: ಪ್ರತಿ ಸಂಖ್ಯೆಯೂ ತನ್ನ ಮುಂದಿನ ಸಂಖ್ಯೆಗೆ ಸಮ. ಕೆ ಎಂಬುದು ಕೆ + 1ಕ್ಕೆ ಸಮವೆಂದು ಭಾವಿಸಿ ಎರಡೂ ಬದಿಗೆ 1 ಸೇರಿಸಿದರೆ ಕೆ + 1 ಎಂಬುದು ಕೆ + 2ಕ್ಕೆ ಸಮವಾಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಲವಲೇಶವೂ ದೋಷವಿಲ್ಲ. ಬಿದ್ದುಹೋಗುವುದು ಮೊದಲ ಹೆಜ್ಜೆ, ಏಕೆಂದರೆ 1 ಎಂಬುದು 2ಕ್ಕೆ ಸಮವಲ್ಲ. ಎನ್ ಬೆಲೆ 1 ಆದಾಗ ಹೇಳಿಕೆ ನಿಜವೇ ಎಂದು ನೋಡುವುದನ್ನು ಬರಿಯ ಶಾಸ್ತ್ರಕ್ಕೆಂದು ಮಾಡುತ್ತಿದ್ದ ಮಕ್ಕಳು ಈ ಲೆಕ್ಕದ ನಂತರ ಅದನ್ನು ಎಂದೂ ಬಿಡುವುದಿಲ್ಲ. ಕಳೆದ ವರ್ಷ ಒಬ್ಬ ಹುಡುಗ, “ಸರ್, ಉತ್ತರ ಬಂದೈತಲ್ರೀ, ಮತ್ತ ಯಾಕ್ ಸಾಧಿಸ್ಬೇಕ್ರೀ?” ಎಂದು ಕೇಳಿದ್ದಕ್ಕೆ ನಾನು ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನ ಹುಡುಗಿ, “ಆ ಮೂವತ್ತೆರಡು ಮರ್ತ್ಯೇನು?” ಎಂದಳು.

ದ್ವಿಪದ ವಿಸ್ತರಣೆಯ ಅಧ್ಯಾಯದಲ್ಲಿ ಒಂದು ಪುಟ ಕನ್ನಡ ತರಗತಿಯಿಂದ ನೇರವಾಗಿ ಬಂದಿದೆ. ಹೈಸ್ಕೂಲಿನ ಛಂದಸ್ಸಿನ ಪಾಠದಲ್ಲಿ ಮಕ್ಕಳು ಅಕ್ಷರಗಣಗಳನ್ನು ಕಂಠಪಾಠ ಮಾಡಿರುತ್ತಾರೆ. ಮೂರಕ್ಷರದ ಎಂಟು ಗಣಗಳಲ್ಲಿ ಮೂರೂ ಗುರುವಾಗಿರುವುದು ಮಗಣ ಒಂದೇ. ಎರಡು ಗುರುಗಳಿರುವವು ಯಗಣ, ರಗಣ, ತಗಣ ಎಂಬ ಮೂರು. ಒಂದೇ ಗುರುವಿರುವವು ಭಗಣ, ಜಗಣ, ಸಗಣ ಎಂಬ ಮೂರು. ಗುರುವೇ ಇಲ್ಲದ್ದು ನಗಣ ಒಂದು. ಒಂದು, ಮೂರು, ಮೂರು, ಒಂದು: ಇವೇ ದ್ವಿಪದದ ಘನದ ಸಹಗುಣಕಗಳು. ಮೂರು ಆವರಣಗಳನ್ನು ಗುಣಿಸುವಾಗ ಪ್ರತಿ ಆವರಣದಿಂದಲೂ ಎರಡು ಪದಗಳಲ್ಲಿ ಒಂದನ್ನು ಆರಿಸುವುದೂ, ಪ್ರತಿ ಸ್ಥಾನದಲ್ಲಿ ಲಘುವನ್ನೋ ಗುರುವನ್ನೋ ಇಡುವುದೂ ಒಂದೇ ಎಣಿಕೆ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನಾಲ್ಕಕ್ಷರಕ್ಕೆ ಬರೆಯಲು ಹೇಳಿದರೆ ಹದಿನಾರು ವಿನ್ಯಾಸಗಳನ್ನೂ ಬರೆದು 1, 4, 6, 4, 1 ಎಂದು ತಾವೇ ವಿಂಗಡಿಸುತ್ತಾರೆ. ಪಿಂಗಳನ ಛಂದಃಶಾಸ್ತ್ರಕ್ಕೆ 10ನೆಯ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಈ ಸಂಖ್ಯೆಗಳ ತ್ರಿಕೋನ ಮೇರು ಪ್ರಸ್ತಾರ ಎಂಬ ಹೆಸರಿನಲ್ಲಿದೆ ಎಂಬುದನ್ನೂ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ವಿಕಲ್ಪಗಳನ್ನು, ಅಂದರೆ ಆಯ್ಕೆಯ ವಿಧಾನಗಳನ್ನು, ಎಣಿಸುವ ಸಾಮಾನ್ಯ ನಿಯಮವನ್ನು ಕೊಟ್ಟಿದ್ದಾನೆ ಎಂಬುದನ್ನೂ ಪುಸ್ತಕ ಎರಡು ಸಾಲುಗಳಲ್ಲಿ ಹೇಳುತ್ತದೆ. ಅಮೋಘವರ್ಷನ ರಾಜಧಾನಿ ಮಾನ್ಯಖೇಟ ನಮ್ಮ ಕಲ್ಯಾಣ ಕರ್ನಾಟಕದ ಇಂದಿನ ಮಳಖೇಡವೇ ಎಂಬುದನ್ನು ಸೇರಿಸಿ ಹೇಳಿದಾಗ ನನ್ನ ಮಕ್ಕಳ ಮುಖದಲ್ಲಿ ಕಂಡ ಹೆಮ್ಮೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಇದೇ ಅಧ್ಯಾಯದ ಕೊನೆಯಲ್ಲಿ ವೃತ್ತದ ಪ್ರಶ್ನೆ ಮತ್ತೆ ಬರುತ್ತದೆ. ಜ್ಯಾಗಳ ಸಂಖ್ಯೆ ಆರು ಬಿಂದುಗಳಿಂದ ಎರಡನ್ನು ಆರಿಸುವ ವಿಧಾನಗಳು, ಅಂದರೆ 15. ಒಳಗಿನ ಛೇದನ ಬಿಂದುಗಳು ಆರರಿಂದ ನಾಲ್ಕನ್ನು ಆರಿಸುವ ವಿಧಾನಗಳು, ಅವೂ 15. ಮೂಲದ ಒಂದು ತುಂಡನ್ನು ಸೇರಿಸಿದರೆ 31. ಮೇರುವಿನ ಸಾಲಿನಲ್ಲಿ ನೋಡಿದರೆ ಅದು 1, 5, 10, 10, 5, 1 ಎಂಬ ಸಾಲಿನ ಮೊದಲ ಐದು ಸಂಖ್ಯೆಗಳ ಮೊತ್ತ. ಕೊನೆಯ 1 ಮಾತ್ರ ಬಿಟ್ಟುಹೋಗಿದೆ, ಆದ್ದರಿಂದಲೇ 32ರ ಬದಲು 31. ಅನುಕ್ರಮ, ಸಾಧನೆ, ದ್ವಿಪದ ಈ ಮೂರನ್ನೂ ಬೇರೆ ಬೇರೆ ಅಧ್ಯಾಯಗಳೆಂದು ಓದುವ ಮಗುವಿಗೆ ಅವು ಒಂದಕ್ಕೊಂದು ಬೆಸೆದುಕೊಂಡಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಅಭ್ಯಾಸ ಪುಸ್ತಕವನ್ನು ನಾನು ಕಂಡಿಲ್ಲ.

ಲೆಕ್ಕ ಬಿಡಿಸುವ ಶಿಸ್ತಿನ ಮಟ್ಟಿಗೂ ಪುಸ್ತಕ ಉಪಯುಕ್ತ. (2ಎಕ್ಸ್ − 3ವೈ) ಇದರ 5ನೆಯ ಘಾತವನ್ನು ವಿಸ್ತರಿಸುವಾಗ ಮೂರನೆಯ ಪದದಲ್ಲಿ ಎಕ್ಸ್‌ಗೆ ಮಾತ್ರ ಘನ ಹಾಕಿ, ಅದರ ಜೊತೆಗಿರುವ 2ನ್ನು ಹಾಗೆಯೇ ಬಿಟ್ಟು, ಸಹಗುಣಕ 180 ಎಂದು ಬರೆಯುವುದು ಪ್ರತಿ ವರ್ಷವೂ ನಾನು ಕಾಣುವ ತಪ್ಪು. ಸರಿಯಾದದ್ದು 10, 8 ಮತ್ತು 9ರ ಗುಣಲಬ್ಧವಾದ 720. ಇಂಥ ಪ್ರತಿ ವಿಸ್ತರಣೆಯ ನಂತರವೂ ಎಕ್ಸ್ ಮತ್ತು ವೈ ಎರಡಕ್ಕೂ 1 ಹಾಕಿ ತಾಳೆ ನೋಡಲು ಒಂದು ಖಾಲಿ ಗೆರೆಯನ್ನು ಪುಸ್ತಕ ಬಿಟ್ಟಿದೆ. 32, −240, 720, −1080, 810, −243 ಇವನ್ನು ಕೂಡಿಸಿದರೆ −1 ಬರಬೇಕು, ಏಕೆಂದರೆ 2ರಲ್ಲಿ 3 ಕಳೆದರೆ −1, ಅದರ 5ನೆಯ ಘಾತವೂ −1. ತಪ್ಪನ್ನು ಮೇಷ್ಟ್ರು ಹಿಡಿಯುವ ಮೊದಲು ಮಕ್ಕಳೇ ಹಿಡಿಯುವಂತೆ ಮಾಡುವ ಈ ಒಂದು ಗೆರೆ ಅಮೂಲ್ಯವಾದದ್ದು.

ಇನ್ನು ಕೊರತೆಗಳು. ಅನಂತ ಗುಣೋತ್ತರ ಶ್ರೇಢಿಯ ಮೊತ್ತದ ಸೂತ್ರವನ್ನು ದಪ್ಪ ಚೌಕಟ್ಟಿನಲ್ಲಿ ಮುದ್ರಿಸಿ, ಸಾಮಾನ್ಯ ಅನುಪಾತವು (ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿದರೆ ಬರುವ ಸಂಖ್ಯೆ) −1 ಮತ್ತು 1ರ ನಡುವೆ ಇರಲೇಬೇಕೆಂಬ ನಿಬಂಧನೆಯನ್ನು ಮುಂದಿನ ಪುಟಕ್ಕೆ ತಳ್ಳಿರುವುದು ಗಂಭೀರ ದೋಷ. ಚೌಕಟ್ಟನ್ನಷ್ಟೇ ನೋಡಿದ ಮಗು 1, 2, 4, 8 ಎಂದು ಬೆಳೆಯುತ್ತಲೇ ಹೋಗುವ ಪದಗಳ ಮೊತ್ತ −1 ಎಂದು ಬರೆದರೆ ಅದು ಮಗುವಿನ ತಪ್ಪಲ್ಲ. ಉತ್ತರಗಳ ಪಟ್ಟಿಯಲ್ಲಿಯೂ ಅಲ್ಲಲ್ಲಿ ತಪ್ಪುಗಳಿವೆ. ಉದಾಹರಣೆಗೆ 3, 6, 12 ಎಂದು ಸಾಗುವ ಶ್ರೇಢಿಯ ಮೊದಲ 8 ಪದಗಳ ಮೊತ್ತವನ್ನು 768 ಎಂದು ಕೊಟ್ಟಿದ್ದಾರೆ, 256ರಿಂದ 1 ಕಳೆಯುವುದು ಮರೆತುಹೋಗಿದೆ. ಸರಿಯಾದ ಉತ್ತರ 765. ಆತ್ಮವಿಶ್ವಾಸ ಕಡಿಮೆಯಿರುವ ಮಕ್ಕಳು ಇಂಥ ಕಡೆ ತಮ್ಮ ಸರಿಯಾದ ಲೆಕ್ಕವನ್ನೇ ಅಳಿಸಿಹಾಕುತ್ತಾರೆ. ಸಾಧನೆಗಳನ್ನು ಬರೆಯಲು ಬಿಟ್ಟಿರುವ ಜಾಗ ಅರ್ಧ ಪುಟಕ್ಕಿಂತ ಕಡಿಮೆ, ಅದು ಯಾವ ಅನುಗಮನಕ್ಕೂ ಸಾಲದು. ನಾವು ಬೇರೆ ನೋಟ್‌ಬುಕ್ ಇಟ್ಟುಕೊಂಡಿದ್ದೇವೆ. ಕಾಗದ ತೆಳು, ಇಂಕ್ ಪೆನ್ನಿನಿಂದ ಬರೆದರೆ ಹಿಂದಿನ ಪುಟಕ್ಕೆ ಮೂಡುತ್ತದೆ. ಹೊಲಿಗೆ ವರ್ಷ ಮುಗಿಯುವ ಮೊದಲೇ ಬಿಡುತ್ತದೆ.

ಕೋಚಿಂಗ್ ಸೇರಿ ಬಹು ಆಯ್ಕೆಯ ಪ್ರಶ್ನೆಗಳನ್ನು ವೇಗವಾಗಿ ಬಿಡಿಸುವ ಅಭ್ಯಾಸ ಬೇಕೆನ್ನುವವರಿಗೆ ಈ ಪುಸ್ತಕ ನಿಧಾನವೆನಿಸಬಹುದು, ಏಕೆಂದರೆ ಇದರಲ್ಲಿ ಅಂಥ ಪ್ರಶ್ನೆಗಳು ಇಲ್ಲವೆನ್ನುವಷ್ಟು ಕಡಿಮೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯುಸಿ ತರಗತಿಗಳು ಆರಂಭವಾಗುವವರೆಗಿನ ಬೇಸಿಗೆ ರಜೆಯಲ್ಲಿ, ದಿನಕ್ಕೆ ಒಂದು ಪುಟದಂತೆ, ಜೊತೆಗೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿಕೊಂಡು ಬಿಡಿಸುವುದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಹಳ್ಳಿಯಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಮಕ್ಕಳು ಉತ್ತರಗಳ ಪಟ್ಟಿಯನ್ನು ಪೂರ್ತಿ ನಂಬದೆ, ಸಣ್ಣ ಬೆಲೆಗಳನ್ನು ಹಾಕಿ ತಾಳೆ ನೋಡುತ್ತಾ ಹೋಗಬೇಕು. ಹೊಸ ಮುದ್ರಣವನ್ನು ಕೊಳ್ಳುವವರು ಹಣ ಕೊಡುವ ಮೊದಲು ಗುಣೋತ್ತರ ಶ್ರೇಢಿಯ ಚೌಕಟ್ಟಿನೊಳಗೆ ನಿಬಂಧನೆ ಸೇರಿದೆಯೇ, ಉತ್ತರಗಳಲ್ಲಿ 765 ಎಂದು ತಿದ್ದಿದ್ದಾರೆಯೇ ಎಂಬ ಎರಡನ್ನು ನೋಡಿಕೊಳ್ಳಲಿ. ತಿದ್ದಿಲ್ಲದಿದ್ದರೂ ಕೊಳ್ಳಿ, ಆದರೆ ಮಗುವಿನ ಕೈಗೆ ಕೊಡುವ ಮೊದಲು ಪೆನ್ಸಿಲಿನಿಂದ ನೀವೇ ತಿದ್ದಿ ಕೊಡಿ.