ಪುಟ್ಟಿ ಟರ್ಮಿನಲ್: ಗ್ರಂಥಾಲಯದ ಸರ್ವರ್ ನೋಡಿಕೊಳ್ಳುವವನ ದೀರ್ಘಕಾಲದ ಅನುಭವ

ನಮ್ಮ ಕಾಲೇಜು ಗ್ರಂಥಾಲಯದ ಪುಸ್ತಕಗಳ ದಾಖಲೆ, ಎರವಲು, ಹುಡುಕಾಟ ಎಲ್ಲವೂ ಕೋಹಾ ತಂತ್ರಾಂಶದಲ್ಲಿ ನಡೆಯುತ್ತವೆ. ಕೋಹಾ ಇರುವುದು ಡೆಬಿಯನ್ ಲಿನಕ್ಸ್ ಹಾಕಿದ ದೂರದ ಒಂದು ಸರ್ವರಿನಲ್ಲಿ. ಓದುಗರೂ ಸಿಬ್ಬಂದಿಯೂ ಅದನ್ನು ಬ್ರೌಸರಿನಲ್ಲೇ ಬಳಸುತ್ತಾರೆ. ಆದರೆ ಬ್ಯಾಕಪ್ ತೆಗೆಯುವುದು, ಆವೃತ್ತಿ ಏರಿಸುವುದು, ಹುಡುಕಾಟದ ಇಂಡೆಕ್ಸನ್ನು ಮತ್ತೆ ಕಟ್ಟುವುದು ಮೊದಲಾದವು ಕಮಾಂಡ್ ಟೈಪ್ ಮಾಡಿಯೇ ಆಗಬೇಕಾದ ಕೆಲಸಗಳು. ನನ್ನ ಮೇಜಿನ ಮೇಲಿರುವುದು ವಿಂಡೋಸ್ ಕಂಪ್ಯೂಟರ್. ಅಲ್ಲಿಂದ ಸರ್ವರಿಗೆ ಸಂಪರ್ಕ ಕಲ್ಪಿಸಿ ಕಮಾಂಡ್ ಟೈಪ್ ಮಾಡಲು ಕಿಟಕಿ ಕೊಡುವ ಟರ್ಮಿನಲ್ ತಂತ್ರಾಂಶಕ್ಕೆಂದು ಗ್ರಂಥಾಲಯದ ಬಜೆಟ್ಟಿನಲ್ಲಿ ಹಣವಿಲ್ಲ. ಹೀಗಾಗಿ ಹಲವು ವರ್ಷಗಳಿಂದ ಪುಟ್ಟಿ ಎಂಬ ಉಚಿತ ಟರ್ಮಿನಲ್ ತಂತ್ರಾಂಶವನ್ನೇ ಬಳಸುತ್ತ ಬಂದಿದ್ದೇನೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಆದರೆ ಬಳಸುವವರ ನಿಗಾ ಸದಾ ಬೇಕು ಎಂಬುದೇ ನನ್ನ ಒಟ್ಟು ಅಭಿಪ್ರಾಯ.

ಪುಟ್ಟಿಯನ್ನು ಬರೆದವರು ಇಂಗ್ಲೆಂಡಿನ ಸೈಮನ್ ಟೇಥಮ್. ಅದು ಮೊದಲು ಹೊರಬಂದದ್ದು 1999ರಲ್ಲಿ. ಇಂದಿಗೂ ಅವರೂ ಕೆಲವು ಸ್ವಯಂಸೇವಕರೂ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಎಂಐಟಿ ಪರವಾನಗಿಯ ಅಡಿಯಲ್ಲಿ ಇರುವುದರಿಂದ ಕಾಲೇಜಾಗಲಿ ಕಚೇರಿಯಾಗಲಿ ಯಾವ ಶುಲ್ಕವೂ ಇಲ್ಲದೆ, ಎಷ್ಟು ಕಂಪ್ಯೂಟರುಗಳಲ್ಲಾದರೂ ಬಳಸಬಹುದು. ಇನ್‌ಸ್ಟಾಲ್ ಮಾಡಲೇಬೇಕೆಂದಿಲ್ಲ, ಒಂದೇ ಒಂದು ಫೈಲನ್ನು ಇಳಿಸಿಕೊಂಡು ತೆರೆದರೆ ಸಾಕು. ಅಡ್ಮಿನ್ ಪಾಸ್‌ವರ್ಡ್ ಬೇರೆಯವರ ಬಳಿ ಇರುವ ಕಂಪ್ಯೂಟರುಗಳಲ್ಲಿ ಇದು ದೊಡ್ಡ ಅನುಕೂಲ. ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಗೂಢಲಿಪಿಯಲ್ಲಿ ನಡೆಯುವ ಸುರಕ್ಷಿತ ಸಂಪರ್ಕ) ಮಾತ್ರವಲ್ಲದೆ ಟೆಲ್ನೆಟ್ ಎಂಬ ಗೂಢಲಿಪಿಯಿಲ್ಲದ ಹಳೆಯ ಬಗೆಯ ಸಂಪರ್ಕವನ್ನೂ, ಕೇಬಲ್ ಮೂಲಕ ನೇರವಾಗಿ ಉಪಕರಣಕ್ಕೆ ಸೀರಿಯಲ್ ಸಂಪರ್ಕವನ್ನೂ ಅದು ಕೊಡುತ್ತದೆ. ನೆಟ್‌ವರ್ಕ್ ಸ್ವಿಚ್ಚಿಗೆ ಕನ್ಸೋಲ್ ಕೇಬಲ್ ಚುಚ್ಚಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತಾಡಿಸಬೇಕಾದಾಗಲೂ ಬೇರೆ ತಂತ್ರಾಂಶ ಹುಡುಕಬೇಕಾಗಿ ಬಂದಿಲ್ಲ.

ದಿನಬಳಕೆಗೆ ಮೊದಲು ಕೆಲವು ಸೆಟ್ಟಿಂಗುಗಳನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಕೆಲಸವಿಲ್ಲದೆ ಸ್ವಲ್ಪ ಹೊತ್ತು ಬಿಟ್ಟರೆ ನಡುವಿನ ರೌಟರ್ ಸಂಪರ್ಕವನ್ನು ಕಡಿದುಬಿಡುವುದುಂಟು. ಕೀಪ್‌ಅಲೈವ್ ಎಂಬಲ್ಲಿ ಸೊನ್ನೆಯ ಬದಲು 30 ಅಥವಾ 60 ಸೆಕೆಂಡು ಎಂದು ಬರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹಿಂದಕ್ಕೆ ಸರಿಸಿ ನೋಡಬಹುದಾದ ಸಾಲುಗಳ ಮಿತಿ 2000 ಎಂದಿರುತ್ತದೆ. ಆವೃತ್ತಿ ಏರಿಸುವಾಗ ಉದುರುವ ಸಂದೇಶಗಳಿಗೆ ಅದು ಸಾಲದು, ಹೆಚ್ಚಿಸಿಕೊಳ್ಳಬೇಕು. ಮೌಸಿನ ಬಲಗುಂಡಿ ಒತ್ತಿದೊಡನೆ ಕ್ಲಿಪ್‌ಬೋರ್ಡಿನಲ್ಲಿ ಇದ್ದದ್ದೆಲ್ಲ ಟರ್ಮಿನಲ್ಲಿಗೆ ಇಳಿಯುತ್ತದೆ. ಅದರಲ್ಲಿ ಸಾಲಿನ ಕೊನೆಯ ಎಂಟರ್ ಕೂಡ ಸೇರಿದ್ದರೆ, ಓದಿ ನೋಡುವ ಮೊದಲೇ ಕಮಾಂಡ್ ನಡೆದುಬಿಡಬಹುದು. ಹೊಸಬರಿಗೆ ಹೇಳಿಕೊಡುವಾಗ ನಾನು ಮೊದಲು ಎಚ್ಚರಿಸುವುದು ಇದನ್ನೇ. ಮಾಡಿಕೊಂಡ ಬದಲಾವಣೆಗಳನ್ನು ಸೆಷನ್ನಿನ (ಒಂದು ಸರ್ವರಿನ ವಿಳಾಸ ಮತ್ತು ಸೆಟ್ಟಿಂಗುಗಳ ಕಟ್ಟು) ಹೆಸರಿನಲ್ಲಿ ಉಳಿಸಲು ಮತ್ತೆ ಮೊದಲ ಪುಟಕ್ಕೆ ಹೋಗಿ ಸೇವ್ ಒತ್ತಬೇಕು. ಇಷ್ಟು ವರ್ಷಗಳಾದರೂ ಈ ಏರ್ಪಾಡು ನನಗೆ ಹಿಡಿಸಿಲ್ಲ.

ಸುರಕ್ಷತೆಯ ವಿಷಯವನ್ನು ವಿಸ್ತಾರವಾಗಿಯೇ ಹೇಳಬೇಕು. ಪುಟ್ಟಿ ತನ್ನನ್ನು ತಾನೇ ನವೀಕರಿಸಿಕೊಳ್ಳುವುದಿಲ್ಲ, ಹೊಸ ಆವೃತ್ತಿ ಬಂದಿದೆಯೆಂದು ಸೂಚನೆಯನ್ನೂ ಕೊಡುವುದಿಲ್ಲ. ಇದರ ಗಾಂಭೀರ್ಯ ಎಷ್ಟೆಂಬುದು 2024ರ ಏಪ್ರಿಲ್‌ನಲ್ಲಿ ತಿಳಿಯಿತು. 0.68ರಿಂದ 0.80ರವರೆಗಿನ ಎಲ್ಲ ಆವೃತ್ತಿಗಳಲ್ಲಿ, ಪಾಸ್‌ವರ್ಡಿನ ಬದಲು ಗುರುತು ಸಾಬೀತುಪಡಿಸಲು ಇಡುವ ಡಿಜಿಟಲ್ ಕೀಲಿಗಳ ಪೈಕಿ ಪಿ-521 ಎಂಬ ಒಂದು ಬಗೆಯ ಇಸಿಡಿಎಸ್ಎ ಕೀಲಿ ಬಳಸಿ ಸಹಿ ಮಾಡುವಾಗ, ಯಾವ ಕ್ರಮವೂ ಇಲ್ಲದೆ ಯಾದೃಚ್ಛಿಕವಾಗಿ ಬರಬೇಕಾದ ಸಂಖ್ಯೆಯಲ್ಲಿ ಊಹೆಗೆ ಎಡೆಕೊಡುವ ಒಂದು ಓರೆ ಉಳಿದಿತ್ತು. ಸುಮಾರು 60 ಸಹಿಗಳು ಕೈಗೆ ಸಿಕ್ಕವರು ಗುಟ್ಟಿನ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದಾಗಿತ್ತು. ಜರ್ಮನಿಯ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕಂಡುಹಿಡಿದರು, 0.81ರಲ್ಲಿ ದೋಷ ಸರಿಹೋಯಿತು. ಆದರೆ ತಂತ್ರಾಂಶವನ್ನು ಬದಲಿಸಿದ ಮಾತ್ರಕ್ಕೆ ಹಳೆಯ ಕೀಲಿ ಸುರಕ್ಷಿತವಾಗುವುದಿಲ್ಲ. ಆ ಬಗೆಯ ಕೀಲಿ ಬಳಸಿದ್ದವರು ಅದನ್ನು ಪ್ರತಿಯೊಂದು ಸರ್ವರಿನಿಂದಲೂ ಅಳಿಸಿ ಹೊಸದನ್ನು ಮಾಡಿಕೊಳ್ಳಬೇಕು. ಪುಟ್ಟಿಯ ಕೋಡನ್ನೇ ಆಧರಿಸಿರುವ, ಸರ್ವರಿನೊಡನೆ ಫೈಲು ಸಾಗಿಸುವ ತಂತ್ರಾಂಶಗಳಾದ ವಿನ್‌ಎಸ್‌ಸಿಪಿ, ಫೈಲ್‌ಝಿಲ್ಲಾಗಳಿಗೂ ಈ ದೋಷ ತಟ್ಟಿತ್ತು. ನಮ್ಮಲ್ಲಿ ಇರುವುದು ಇಡಿ25519 ಎಂಬ ಬೇರೆ ಬಗೆಯ ಕೀಲಿಗಳು. ಅವಕ್ಕೂ ಆರ್‌ಎಸ್‌ಎ ಎಂಬ ಇನ್ನೊಂದು ಬಗೆಯ ಕೀಲಿಗಳಿಗೂ ಇದರಿಂದ ಬಾಧೆಯಿರಲಿಲ್ಲ. ಆದರೂ ದೋಷವನ್ನು ಮುಚ್ಚಿಡದೆ, ಯಾರು ಏನು ಮಾಡಬೇಕೆಂದು ತಯಾರಕರು ಸ್ಪಷ್ಟವಾಗಿ ಬರೆದು ಪ್ರಕಟಿಸಿದ್ದನ್ನು ಓದಿದ ಮೇಲೆ ಅವರ ಮೇಲಿನ ನನ್ನ ವಿಶ್ವಾಸ ಹೆಚ್ಚಿತು.

ಎಲ್ಲಿಂದ ಇಳಿಸಿಕೊಳ್ಳುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಪಾಸ್‌ವರ್ಡ್ ಕದಿಯುವ ನಕಲಿ ಪುಟ್ಟಿಗಳು ಹಿಂದೆಯೂ ಹರಡಿವೆ, ಹುಡುಕಾಟದ ಜಾಹೀರಾತುಗಳ ಮೂಲಕವೂ ಬಂದಿವೆ. ಆದ್ದರಿಂದ ಟೇಥಮ್ ಅವರ ಸ್ವಂತ ಪುಟದಿಂದಲೇ ಪಡೆದು, ಫೈಲಿನ ಡಿಜಿಟಲ್ ಸಹಿಯನ್ನು ನೋಡಿಕೊಳ್ಳಬೇಕು. ಹೊಸ ಸರ್ವರಿಗೆ ಮೊದಲ ಬಾರಿ ಸಂಪರ್ಕಿಸುವಾಗ ಅದರ ಕೀಲಿಯ ಗುರುತನ್ನು ತೋರಿಸಿ ಒಪ್ಪಿಗೆ ಕೇಳುವ ಕಿಟಕಿ ಬರುತ್ತದೆ. ಬಹಳ ಜನ ಅದನ್ನು ಓದದೆ ಒಪ್ಪಿಬಿಡುತ್ತಾರೆ. ಸರ್ವರ್ ಒದಗಿಸಿದವರಿಂದ ಆ ಗುರುತನ್ನು ಮೊದಲೇ ಪಡೆದು ತಾಳೆ ನೋಡುವುದು ಒಂದೇ ನಿಮಿಷದ ಕೆಲಸ.

ಕನ್ನಡದ ಮಟ್ಟಿಗೆ ಪುಟ್ಟಿ ನಿರಾಸೆ ತರುತ್ತದೆ. ನಮ್ಮ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳು ಬಹಳ ಇರುವುದರಿಂದ ಡೇಟಾಬೇಸಿನಲ್ಲಿ ಶೀರ್ಷಿಕೆಗಳನ್ನು ಪರಿಶೀಲಿಸುವ ಅಗತ್ಯ ಆಗಾಗ ಬರುತ್ತದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಕೊಡುತ್ತದೆ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳು ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಯುಟಿಎಫ್-8 ಸಂಕೇತದ ಆಯ್ಕೆ ಸರಿಯಾಗಿದ್ದರೂ ಒತ್ತುಗಳು ಬಿಡಿಬಿಡಿಯಾಗಿ, ಸಾಲುಗಳು ಓರೆಕೋರೆಯಾಗಿ ಕಾಣುತ್ತವೆ. ಅರಬ್ಬಿ ಅಕ್ಷರಗಳನ್ನು ಜೋಡಿಸುವ ಏರ್ಪಾಡು ಪುಟ್ಟಿಯಲ್ಲಿದೆ, ಭಾರತೀಯ ಲಿಪಿಗಳಿಗೆ ಅಂಥದ್ದು ಇಲ್ಲ. ದತ್ತಾಂಶವೇನೂ ಕೆಟ್ಟಿರುವುದಿಲ್ಲ, ಅದೇ ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿದರೆ ಕನ್ನಡ ಸರಿಯಾಗಿ ಮೂಡುತ್ತದೆ. ನಾನು ಈಗ ಕನ್ನಡದ ಫಲಿತಾಂಶಗಳನ್ನೆಲ್ಲ ಒಂದು ಫೈಲಿಗೆ ಬರೆಸಿ, ವಿನ್‌ಎಸ್‌ಸಿಪಿಯಿಂದ ತಂದು ಓದುತ್ತೇನೆ.

ಇಂದು ಹೊಸದಾಗಿ ಆರಿಸುವವರ ಮುಂದೆ ಬೇರೆ ದಾರಿಗಳೂ ಇವೆ. 2018ರಿಂದ ವಿಂಡೋಸ್ 10ರಲ್ಲಿ ಓಪನ್‌ಎಸ್‌ಎಸ್‌ಎಚ್ ಎಂಬ ಉಚಿತ ಎಸ್‌ಎಸ್‌ಎಚ್ ತಂತ್ರಾಂಶ ಜೊತೆಯಲ್ಲೇ ಬರುತ್ತಿದೆ. ಒಂದೆರಡು ಸರ್ವರುಗಳಿಗೆ ಎಸ್‌ಎಸ್‌ಎಚ್ ಮಾತ್ರ ಸಾಕಾದವರು ಅದನ್ನೇ ವಿಂಡೋಸ್ ಟರ್ಮಿನಲ್‌ನಲ್ಲಿ ಬಳಸಲಿ, ಟ್ಯಾಬುಗಳೂ ಸಿಗುತ್ತವೆ. ದೂರದ ಲಿನಕ್ಸಿನ ಗ್ರಾಫಿಕ್ ಕಿಟಕಿಗಳೂ ಬೇಕೆನ್ನುವವರಿಗೆ ಮೊಬಾಎಕ್ಸ್‌ಟರ್ಮ್ ಒಳ್ಳೆಯದು, ಆದರೆ ಅದರ ಉಚಿತ ಆವೃತ್ತಿ 12 ಸೆಷನ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಸೆಕ್ಯೂರ್‌ಸಿಆರ್‌ಟಿ ಎಂಬ ಟರ್ಮಿನಲ್‌ಗೆ ಒಬ್ಬರಿಗೆ ನೂರು ಡಾಲರಿಗೂ ಮೇಲೆ ಬೀಳುತ್ತದೆ. ನೂರಾರು ಉಪಕರಣಗಳನ್ನು ನೋಡಿಕೊಳ್ಳುವವರಿಗೆ ಅದು ತಕ್ಕ ಬೆಲೆಯಿರಬಹುದು, ನಮ್ಮಂಥ ಗ್ರಂಥಾಲಯಕ್ಕೆ ಬೇಡ. ಸೀರಿಯಲ್, ಟೆಲ್ನೆಟ್, ಎಸ್‌ಎಸ್‌ಎಚ್ ಮೂರೂ ಒಂದೇ ಕಡೆ, ಖರ್ಚಿಲ್ಲದೆ ಬೇಕೆಂದರೆ ಪುಟ್ಟಿಯನ್ನೇ ಆರಿಸಿ.

ಪುಟ್ಟಿಗೆ ಬರುವವರಿಗೆ ಇನ್ನೊಂದು ಮಾತು: ಸೆಷನ್ನುಗಳು ಉಳಿಯುವುದು ಫೈಲಿನಲ್ಲಿ ಅಲ್ಲ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸುವ ಮೊದಲು ಸೈಮನ್‌ಟೇಥಮ್ ಎಂಬ ರಿಜಿಸ್ಟ್ರಿ ವಿಭಾಗವನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಪುಟ್ಟಿಯ ಕೀಲಿಗಳಿರುವ ಪಿಪಿಕೆ ಫೈಲುಗಳನ್ನು ಬೇರೆಯಾಗಿ, ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಹಾಕಿಯೇ ಎತ್ತಿಡಿ.