ಮನೆಗೊಂದು ಬೈರಿಗೆ: ಲಿಂಟಲ್ಲಿನ ಮುಂದೆ ಮೂರು ಯಂತ್ರಗಳು

ಡ್ರಿಲ್ಲಿಂಗ್ ಮಶೀನ್ ಒಂದು ಮನೆಯಲ್ಲಿರಬೇಕಿತ್ತು ಎಂದು ಹೆಚ್ಚಿನವರಿಗೆ ಅನ್ನಿಸುವುದು ಪರದೆಯ ಸರಳನ್ನು ಕೂರಿಸುವ ದಿನ. ಕಿಟಕಿಯ ನೆತ್ತಿಯಲ್ಲಿ ಗಾರೆಯ ಹಿಂದೆ ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟಿನ ಅಡ್ಡತೊಲೆ, ಇರುತ್ತದೆಯಾದ್ದರಿಂದ, ಮನೆಯ ಅತ್ಯಂತ ಸಾಮಾನ್ಯವಾದ ಕೆಲಸವೇ ಅತ್ಯಂತ ಗಟ್ಟಿಯಾದ ಜಾಗದಲ್ಲಿ ಬೀಳುತ್ತದೆ. ಹೀಗಾಗಿ ಮೈಸೂರಿನ ನಮ್ಮ ಇಟ್ಟಿಗೆ ಗೋಡೆಯ ಮನೆಯಲ್ಲಿ ಮೂರು ಯಂತ್ರಗಳನ್ನು ಹೋಲಿಸುವಾಗ ನಾನು ಲಿಂಟಲ್ಲನ್ನೇ ಪರೀಕ್ಷೆಯಾಗಿ ಇಟ್ಟುಕೊಂಡೆ. ಎಲ್ಲದರಲ್ಲೂ 6 ಮಿ.ಮೀ. ಬಿಟ್ (ಕೊರೆಯುವ ಕಡ್ಡಿ) ಹಾಕಿ 40 ಮಿ.ಮೀ. ಆಳಕ್ಕೆ ಕೊರೆದೆ.

ಮೊದಲನೆಯದು ವೈರಿನಿಂದ ನಡೆಯುವ 500 ವ್ಯಾಟಿನ, ಬಿಟ್ಟನ್ನು ಕಚ್ಚಿ ಹಿಡಿಯುವ 10 ಮಿ.ಮೀ. ಚಕ್ ಇರುವ ಇಂಪ್ಯಾಕ್ಟ್ ಡ್ರಿಲ್, ಅಂದರೆ ತಿರುಗುತ್ತಲೇ ಪೆಟ್ಟನ್ನೂ ಕೊಡುವ ಯಂತ್ರ. ಎರಡನೆಯದು ಇಂಪ್ಯಾಕ್ಟ್ ಸೌಲಭ್ಯವಿರುವ 12 ವೋಲ್ಟಿನ ಬ್ಯಾಟರಿ ಡ್ರಿಲ್. ಮೂರನೆಯದು ಒಂದು ದಿನದ ಬಾಡಿಗೆಗೆ ತಂದ, ಇನ್ನೂ ಬಲವಾಗಿ ಬಡಿಯುತ್ತ ಕೊರೆಯುವ ರೋಟರಿ ಹ್ಯಾಮರ್.

ಇಟ್ಟಿಗೆಯಲ್ಲಿ ವೈರಿನ ಡ್ರಿಲ್ ಹದಿನೈದು ಸೆಕೆಂಡಿನಲ್ಲಿ ಮುಗಿಸಿದ ತೂತಿಗೆ ಬ್ಯಾಟರಿಯದು ಒಂದು ನಿಮಿಷದಷ್ಟು ತೆಗೆದುಕೊಂಡಿತು. ಲಿಂಟಲ್ಲಿನಲ್ಲಿ ಬ್ಯಾಟರಿಯದು ಗಾರೆಯನ್ನು ದಾಟಿ, ಜಲ್ಲಿ ಸಿಕ್ಕಿದೊಡನೆ ಸುಮ್ಮನೆ ತಿರುಗುತ್ತ ನಿಂತಿತು. ವೈರಿನದು ಎರಡು ನಿಮಿಷ ಹಿಡಿಯಿತು. ನಡುನಡುವೆ ಬಿಟ್ ತಣಿಯಲು ಬಿಡಬೇಕಾಯಿತು, ಸ್ಟೂಲಿನ ಮೇಲೆ ನಿಂತು ಒತ್ತಿದ ನನ್ನ ತೋಳಿಗೂ ಅಷ್ಟೇ ವಿಶ್ರಾಂತಿ ಬೇಕಾಯಿತು. ರೋಟರಿ ಹ್ಯಾಮರಿಗೆ ಹತ್ತು ಸೆಕೆಂಡು ಸಾಕಾಯಿತು.

ಇದಕ್ಕೆ ಕಾರಣ ಬರೀ ವ್ಯಾಟಿನ ಲೆಕ್ಕದಲ್ಲಿಲ್ಲ. ಇಂಪ್ಯಾಕ್ಟ್ ಡ್ರಿಲ್ಲಿನೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿಕೊಂಡು ಹಾರುವುದರಿಂದ ಪೆಟ್ಟು ಹುಟ್ಟುತ್ತದೆ. ಪೆಟ್ಟುಗಳ ಸಂಖ್ಯೆ ಬಹಳ, ಒಂದೊಂದರ ಬಲ ಅಲ್ಪ, ಅದೂ ನಾವು ಹಿಂದಿನಿಂದ ಒತ್ತಿದರೆ ಮಾತ್ರ. ರೋಟರಿ ಹ್ಯಾಮರಿನಲ್ಲಾದರೋ ಪಿಸ್ಟನ್ ಗಾಳಿಯನ್ನು ಒತ್ತಿ ಸುತ್ತಿಗೆಯಂಥ ಉಕ್ಕಿನ ತುಂಡನ್ನು ಮುಂದಕ್ಕೆ ಎಸೆಯುತ್ತದೆ, ಆದ್ದರಿಂದ ಕೈ ಯಂತ್ರವನ್ನು ನೇರವಾಗಿ ಹಿಡಿದರೆ ಸಾಕು. ಬೇರೆ ಬಗೆಯ ಬುಡವಿರುವ ಅದರ ಎಸ್‌ಡಿಎಸ್ ಬಿಟ್‌ಗಳು ಸಾಮಾನ್ಯ ಚಕ್ಕಿಗೆ ಹೊಂದುವುದಿಲ್ಲ ಎಂಬುದನ್ನು ಬಾಡಿಗೆಗೆ ತರುವಾಗ ನೆನಪಿಡಬೇಕು.

ಮರಗೆಲಸದಲ್ಲಿ ಲೆಕ್ಕ ತಿರುಗಾಮುರುಗಾ. ಕಪಾಟಿನ ಕೀಲುಗಳಿಗೆ ಸ್ಕ್ರೂ ಬಿಗಿಯುವಾಗ ಬ್ಯಾಟರಿ ಡ್ರಿಲ್ಲಿನ ಕ್ಲಚ್ ಸರಿಯಾದ ಬಿಗಿಗೆ ತಾನೇ ಜಾರಿಕೊಂಡು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿತು. ಕ್ಲಚ್ ಇಲ್ಲದ ವೈರಿನ ಯಂತ್ರ ಎರಡು ಸ್ಕ್ರೂಗಳ ತಲೆಯನ್ನು ಸವೆಸಿಬಿಟ್ಟಿತು. ಇಷ್ಟಾದರೂ ಅಪರೂಪಕ್ಕೆ ಬಳಸುವವರಿಗೆ ಬ್ಯಾಟರಿಯ ಯಂತ್ರವನ್ನು ನಾನು ಸೂಚಿಸಲಾರೆ. ಹತ್ತು ತಿಂಗಳು ಡ್ರಾಯರಿನಲ್ಲಿ ಮಲಗಿದ್ದ ನನ್ನದನ್ನು ಹೊರತೆಗೆದಾಗ, ಪೂರ್ತಿ ಬರಿದಾಗಿದ್ದ ಒಂದು ಬ್ಯಾಟರಿಯನ್ನು ಚಾರ್ಜರು ಗುರುತಿಸಲೇ ಇಲ್ಲ. ಅಂಗಡಿಗಳಲ್ಲಿ 48, 88 ವೋಲ್ಟ್ ಎಂದು ದೊಡ್ಡದಾಗಿ ಅಚ್ಚಾಗಿರುವ ಅಗ್ಗದ ಪೆಟ್ಟಿಗೆಗಳನ್ನಂತೂ ನಂಬಬಾರದು, ಸುಮಾರು 3.6 ವೋಲ್ಟಿನ ಲಿಥಿಯಂ ಕೋಶಗಳು ಅಷ್ಟು ಚಿಕ್ಕ ಹಿಡಿಯೊಳಗೆ ಎಷ್ಟು ಹಿಡಿದಾವು ಎಂದು ಎಣಿಸಿದರೆ ಸಾಕು.

ಹಾಗಾಗಿ ನನ್ನ ಆಯ್ಕೆ ವೇಗ ನಿಯಂತ್ರಣ ಮತ್ತು ಹಿಂದುಮುಂದು ತಿರುಗುವ ಸೌಲಭ್ಯವಿರುವ ವೈರಿನ ಇಂಪ್ಯಾಕ್ಟ್ ಡ್ರಿಲ್. ನಾಲ್ಕಾರು ಕಿಟಕಿಗಳ ಕೆಲಸ ಒಟ್ಟಿಗೆ ಬಂದರೆ ಮಾತ್ರ ರೋಟರಿ ಹ್ಯಾಮರನ್ನು ಬಾಡಿಗೆಗೆ ತರುವುದು ಸರಿ. ಪೆಟ್ಟಿಗೆಯೊಂದಿಗೆ ಕೊಡುವ ನೂರು ಬಿಡಿಭಾಗಗಳಿಗೆ ಮರುಳಾಗದೆ, ಕಾರ್ಬೈಡ್ ತುದಿಯ ಒಳ್ಳೆಯ 6 ಮತ್ತು 8 ಮಿ.ಮೀ. ಬಿಟ್‌ಗಳನ್ನು ಬೇರೆಯಾಗಿ ಕೊಳ್ಳಬೇಕು; ಎರಡನೆಯ ಕಿಟಕಿಗೆ ಅಂಥ ಬಿಟ್ ಹಾಕಿದಾಗ ಅದೇ ಯಂತ್ರ ಲಿಂಟಲ್ಲನ್ನು ಮುಕ್ಕಾಲು ನಿಮಿಷದಲ್ಲಿ ಕೊರೆಯಿತು. ಟೈಲ್ಸಿನ ಮೇಲೆ ಇಂಪ್ಯಾಕ್ಟ್ ಗುಂಡಿಯನ್ನು ತಪ್ಪಿಸಿ, ನಿಧಾನಗತಿಯಲ್ಲಿ ಶುರುಮಾಡಬೇಕು. ಚಕ್ಕಿನ ಚಾವಿಯನ್ನು ವೈರಿನ ಪ್ಲಗ್ಗಿನ ಬಳಿಯೇ ಟೇಪಿನಿಂದ ಕಟ್ಟಿಟ್ಟರೆ ಅದು ಕಳೆಯುವುದಿಲ್ಲ, ಬಿಟ್ ಬದಲಿಸುವಾಗ ಪ್ಲಗ್ಗನ್ನು ಕೀಳದೆ ವಿಧಿಯೂ ಇರುವುದಿಲ್ಲ.