ಹರಿಗೋಲು ವಿಹಾರದ ಜೊತೆಗೆ ಪೂಜಾ ಕುಣಿತ ಎಂದರೆ ಮುಂಗಡ ಕೊಡಬೇಡಿ

ದಸರಾ ರಜೆಗೆ ಮೈಸೂರು, ಶ್ರೀರಂಗಪಟ್ಟಣದ ಕಡೆ ಹೊರಟಿರುವವರು ದಯವಿಟ್ಟು ಇದನ್ನು ಓದಿಕೊಳ್ಳಿ. ಕಳೆದ ವರ್ಷ ನಾವು ಐದು ಜನ ತಲೆಗೆ 900 ರೂಪಾಯಿ ಕೊಟ್ಟು ಮೋಸ ಹೋದೆವು. ಕಾವೇರಿಯಲ್ಲಿ ಒಂದು ಗಂಟೆ ಹರಿಗೋಲು, ನಡುವೆ ದಡಕ್ಕಿಳಿದು ಹಬ್ಬದ ಪೂಜಾ ಕುಣಿತ ಎಂದು ಏಜೆಂಟ್ ಹೇಳಿದ್ದ. ರಸೀದಿಯನ್ನು ಮೊಬೈಲಿಗೆ ಕಳಿಸುತ್ತೇನೆ ಎಂದವನು ಕಳಿಸಲೇ ಇಲ್ಲ.

ಹರಿಗೋಲಿಗೆ ಹತ್ತು ಜನರನ್ನು ತುಂಬಿದರು. ಲೈಫ್ ಜಾಕೆಟ್ ಇದ್ದದ್ದು ನಾಲ್ಕು. ಮಗಳಿಗೆ ಸಿಕ್ಕಿದ್ದರ ಬಕಲ್ ಮುರಿದಿತ್ತು. ಅತ್ತೆಯವರ ಶಾಲನ್ನು ಅದರ ಮೇಲೆ ಸುತ್ತಿ ಗಂಟು ಹಾಕಿದೆ. ಆಗಲೇ ಇಳಿಯಬೇಕಿತ್ತು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೆ ನೀರು ಬಿಡುತ್ತಾರೆ, ಹೊಳೆ ಏರುತ್ತದೆ. ಹೊರಹರಿವು ಹೆಚ್ಚಾದ ದಿನ ರಂಗನತಿಟ್ಟಿನಲ್ಲೂ ದೋಣಿ ನಿಲ್ಲಿಸುತ್ತಾರೆ. ಇವತ್ತು ನೀರು ಎಷ್ಟಿದೆ ಎಂದು ಕೇಳಿದರೆ, “ಏನೂ ಆಗುವುದಿಲ್ಲ, ಕುಳಿತುಕೊಳ್ಳಿ ಮೇಡಂ” ಎಂಬುದೊಂದೇ ಉತ್ತರ.

ನಮ್ಮ ಅತ್ತೆ ಮಂಡ್ಯ ಸೀಮೆಯ ಹಳ್ಳಿಯವರು. ದಡದಲ್ಲಿ ಪೂಜೆಯ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ನಿಂತಿದ್ದ ಹಿರಿಯರನ್ನು ಕಂಡೊಡನೆ ಚಪ್ಪಲಿ ಬಿಟ್ಟು ಕೈಮುಗಿದರು. ಹತ್ತಿರ ಹೋದವರು ಕೈ ಇಳಿಸಿ, “ಮುಖವೇ ಇಲ್ಲವಲ್ಲಮ್ಮ” ಎಂದರು. ಬಿದಿರಿನ ಚೌಕಟ್ಟಿಗೆ ಸೀರೆ ಉಡಿಸಿ, ನಡುವೆ ದೇವಿಯ ಲೋಹದ ಮುಖ ಕಟ್ಟಿದರೆ ತಾನೇ ಅದು ಪೂಜೆ? ಅದನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ತಮಟೆಯ ಗತ್ತಿಗೆ ಕುಣಿಯುವಾಗ ನೋಡುವವರ ಎದೆ ನಡುಗುತ್ತದೆ. ಇಲ್ಲಿ ಮುಖದ ಜಾಗದಲ್ಲಿ ಮಿಂಚುವ ಕಾಗದದ ಹೂವು. ತಮಟೆಯ ಬದಲು ಸ್ಪೀಕರಿನ ಹಾಡು. ಆ ಹಿರಿಯರ ಸಿಂಬೆಯ ಬಟ್ಟೆ ನೆನೆದು ಬೆವರು ಕಣ್ಣಿಗಿಳಿಯುತ್ತಿತ್ತು, ಏಜೆಂಟಿನ ಹುಡುಗ ಸೆಲ್ಫಿಗೆಂದು ಅವರನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತಿದ್ದ. ಎಂಟು ನಿಮಿಷಕ್ಕೆ ಎಲ್ಲ ಮುಗಿಯಿತು.

ಆಮೇಲೆ ತಟ್ಟೆ ಬಂತು. ಒಬ್ಬೊಬ್ಬರಿಗೆ 200 ರೂಪಾಯಿ. ಎಲ್ಲರೂ ಕೊಡುವವರೆಗೆ ಅಂಬಿಗ ಹುಟ್ಟು ಮುಟ್ಟಲಿಲ್ಲ. ಆ ದುಡ್ಡಾದರೂ ಕಲಾವಿದರಿಗೆ ಸೇರುತ್ತದೆಯೇ ಎಂದು ಅತ್ತೆ ವಿಚಾರಿಸಿದರು. ಇಲ್ಲ, ದಿನಕ್ಕೆ ಆರು ಸಲ ಕುಣಿದರೆ ಅವರಿಗೆ 400 ರೂಪಾಯಿ ಕೂಲಿ. “ದೇವರ ಮುಖ ತನ್ನಿ ಎಂದರು. ಇಲ್ಲಿಗೆ ತರುವುದಕ್ಕೆ ನಾನು ಒಪ್ಪಲಿಲ್ಲ ತಾಯಿ” ಎಂದು ಆ ಹಿರಿಯರು ಹೇಳಿದಾಗ ಅತ್ತೆ ಮತ್ತೆ ಕೈಮುಗಿದರು.

ಜನಪದ ಕುಣಿತ ನೋಡುವ ಆಸೆಯಿದ್ದರೆ ವಿಜಯದಶಮಿಯಂದು ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವ ದಾರಿಯಲ್ಲಿ ನಿಂತುಕೊಳ್ಳಿ, ಇಲ್ಲವೇ ಶ್ರೀರಂಗಪಟ್ಟಣ ದಸರಾ ಆರಂಭವಾಗುವ ಕಿರಂಗೂರಿಗೆ ಹೋಗಿ. ಮಾರಮ್ಮನ ಹಬ್ಬಕ್ಕೆ ಯಾರಾದರೂ ಊರಿಗೆ ಕರೆದರಂತೂ ತಪ್ಪಿಸಿಕೊಳ್ಳಬೇಡಿ. ನೀರಿನ ಮೇಲೆ ಹೋಗಬೇಕೆಂದರೆ ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿಗಳಿವೆ. ಎಲ್ಲಿಯೇ ಹತ್ತಿದರೂ ಮೊದಲು ತಲೆ ಎಣಿಸಿ, ಜಾಕೆಟ್ ಎಣಿಸಿ. ಒಂದು ಕಡಿಮೆಯಿದ್ದರೂ ಕೊಟ್ಟ ದುಡ್ಡು ಹೋದರೆ ಹೋಗಲಿ, ಮಕ್ಕಳನ್ನು ಕರೆದುಕೊಂಡು ಇಳಿದುಬಿಡಿ.